ಕಾಗದದ ನಮೂನೆಯ ವ್ಯಾಪಾರ

ಬಟ್ಟೆಯನ್ನಲ್ಲ, ಬಟ್ಟೆ ಕತ್ತರಿಸುವ ರೇಖೆಗಳನ್ನೇ ಮಾರುವ ಉದ್ಯಮವೊಂದು ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಬೇರೂರಿತು. ಮ್ಯಾಸಚೂಸೆಟ್ಸ್‌ನ ದರ್ಜಿ ಎಬೆನೆಜರ್ ಬಟರಿಕ್ 1863ರಲ್ಲಿ ಮಾರಾಟಕ್ಕೆ ತಂದ ಪ್ಯಾಟರ್ನ್, ಅಂದರೆ ಉಡುಪಿನ ಒಂದೊಂದು ಭಾಗದ ಆಕಾರದಲ್ಲಿ ಕತ್ತರಿಸಿದ ಕಾಗದ, ಒಂದೇ ವಿನ್ಯಾಸವನ್ನು ಹಲವು ಅಳತೆಗಳಲ್ಲಿ ಒದಗಿಸಿತು. ಅದಕ್ಕೂ ಮೊದಲಿನ ನಮೂನೆಗಳು ಸಾಮಾನ್ಯವಾಗಿ ಒಂದೇ ಅಳತೆಯವಾಗಿದ್ದು, ಅವನ್ನು ಹಿಗ್ಗಿಸಿ ಕುಗ್ಗಿಸುವ ಕಷ್ಟ ಹೊಲಿಯುವವಳ ಪಾಲಿಗೆ ಬೀಳುತ್ತಿತ್ತು. ಸಿಂಗರ್ ಕಂಪನಿ ಕಂತಿನ ಮೇಲೆ ಮಾರುತ್ತಿದ್ದ ಹೊಲಿಗೆ ಯಂತ್ರಗಳು ಆ ಹೊತ್ತಿಗೆ ಮನೆಗಳನ್ನು ಹೊಕ್ಕಿದ್ದರಿಂದ ಈ ವ್ಯಾಪಾರ ಬೇಗನೆ ಹಬ್ಬಿತು.

ಇಂದು ಅದೇ ನಮೂನೆ ಪಿಡಿಎಫ್ ಕಡತವಾಗಿ ಬಿಕರಿಯಾಗುತ್ತಿದೆ. 2005ರಲ್ಲಿ ಬ್ರೂಕ್ಲಿನ್‌ನಲ್ಲಿ ಆರಂಭವಾದ ಎಟ್ಸಿಯಂತಹ ಜಾಲತಾಣಗಳಲ್ಲಿ ಒಬ್ಬಳೇ ವಿನ್ಯಾಸಕಿಯೂ ಮುದ್ರಣಾಲಯ, ಗೋದಾಮುಗಳ ಹಂಗಿಲ್ಲದೆ ಅಂಗಡಿ ತೆರೆಯಬಹುದಾಗಿದ್ದು, ಕೊಂಡವರು ಹಾಳೆಗಳನ್ನು ಮನೆಯಲ್ಲೇ ಮುದ್ರಿಸಿ, ಒಂದಕ್ಕೊಂದು ಅಂಟಿಸಿ ಬಳಸುತ್ತಾರೆ. ಕರ್ನಾಟಕದಲ್ಲಾದರೋ ಅಳತೆ ಬ್ಲೌಸನ್ನು ಮುಂದಿಟ್ಟುಕೊಂಡು ಬಟ್ಟೆಯ ಮೇಲೆ ನೇರವಾಗಿ ಸೀಮೆಸುಣ್ಣದ ಗೆರೆ ಎಳೆಯುವ ರೂಢಿ ಬಲವಾಗಿರುವುದರಿಂದ, ಯೂಟ್ಯೂಬಿನ ಕನ್ನಡ ಹೊಲಿಗೆ ಪಾಠಗಳಲ್ಲಿ ಸಿದ್ಧ ನಮೂನೆಗಿಂತ ಎದೆಸುತ್ತಳತೆ, ತೋಳು, ಕತ್ತಿನ ಆಳಗಳ ಲೆಕ್ಕಾಚಾರವೇ ಮುಖ್ಯ ಪಾಠವಾಗಿ ಉಳಿದಿದೆ.