ಆರೋಪಿ ಪರ ವಕೀಲ ಮತ್ತು ಸಾಕ್ಷ್ಯಚಿತ್ರ: ಬಳ್ಳಾರಿಯ ನೆಲೆಯಿಂದ ಒಂದು ಪರಿಶೀಲನೆ

ಕನ್ನಡದಲ್ಲಿ 'ವಕಾಲತ್ತು ವಹಿಸು' ಎಂಬ ನುಡಿಗಟ್ಟು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ನ್ಯಾಯಾಲಯದಲ್ಲಿ ಅದು ಕಕ್ಷಿದಾರನ ಪ್ರತಿನಿಧಿಯಾಗಿ ನಿಲ್ಲುವ ಅಧಿಕಾರವನ್ನು ಸೂಚಿಸುತ್ತದೆ. ಆಡುಮಾತಿನಲ್ಲಿ ಅದೇ ಮಾತು ತಪ್ಪಿತಸ್ಥನ ಪಕ್ಷ ವಹಿಸುವುದು ಎಂಬ ಆಕ್ಷೇಪವಾಗುತ್ತದೆ. ಅರಬ್ಬಿ ಮೂಲದ 'ವಕೀಲ' ಶಬ್ದಕ್ಕೆ ಪ್ರತಿನಿಧಿ ಎಂಬುದೇ ಅರ್ಥ. ಪಕ್ಷಪಾತಿ ಎಂಬ ಅರ್ಥ ಅದರಲ್ಲಿಲ್ಲ. ಪ್ರತಿನಿಧಿಸುವುದನ್ನೂ ಸಮರ್ಥಿಸುವುದನ್ನೂ ಒಂದೇ ಎಂದು ಎಣಿಸುವ ಈ ಅರ್ಥಪಲ್ಲಟದ ಪರಿಣಾಮವು ಭಾಷೆಗಷ್ಟೇ ಸೀಮಿತವಲ್ಲ. ವಕೀಲರನ್ನು ಕುರಿತ ಎರಡು ಸಾಕ್ಷ್ಯಚಿತ್ರಗಳನ್ನೂ ಬಳ್ಳಾರಿ ಪರಿಸರದ ಚರಿತ್ರೆಯನ್ನೂ ಎದುರುಬದುರಾಗಿರಿಸಿ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಎರಡು ಚಿತ್ರಗಳು, ಎರಡು ಮಾದರಿಗಳು

2007ರಲ್ಲಿ ಈ ವಸ್ತುವಿನ ಎರಡು ಸಾಕ್ಷ್ಯಚಿತ್ರಗಳು ಬಂದವು. ಮೊದಲನೆಯದು ಬಾರ್ಬೆ ಶ್ರೋಡರ್ ನಿರ್ದೇಶನದ 'ಟೆರರ್ಸ್ ಅಡ್ವೊಕೇಟ್'. ಇದರ ಕೇಂದ್ರವ್ಯಕ್ತಿ ಫ್ರಾನ್ಸಿನ ವಕೀಲ ಜಾಕ್ ವೆರ್ಜೆಸ್. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟಗಾರ್ತಿ ಜಮೀಲಾ ಬೂಹಿರೆದ್ ಅವರಿಗೆ 1957ರಲ್ಲಿ ಮರಣದಂಡನೆ ವಿಧಿಸಿದ ಮೊಕದ್ದಮೆಯಲ್ಲಿ ಆತ ಅವರ ಪರ ವಾದಿಸಿದ. 1987ರಲ್ಲಿ ಲಿಯಾನ್ ನಗರದಲ್ಲಿ ನಾಜಿ ಅಧಿಕಾರಿ ಕ್ಲಾಸ್ ಬಾರ್ಬಿಯ ಪರವಾಗಿಯೂ ಅದೇ ವಕೀಲ ನಿಂತ. ವೆರ್ಜೆಸ್‌ನ ತಂತ್ರ 'ವಿಚ್ಛೇದದ ಪ್ರತಿವಾದ' ಎಂದು ಹೆಸರಾಗಿದೆ. ಆರೋಪಿ ನಿರಪರಾಧಿಯೆಂದು ಸಾಧಿಸುವುದಕ್ಕಿಂತ, ವಿಚಾರಣೆ ನಡೆಸುವ ಪ್ರಭುತ್ವಕ್ಕೆ ಆ ನೈತಿಕ ಅಧಿಕಾರವಿದೆಯೇ ಎಂದು ಕೇಳುವುದೇ ಅದರ ಸಾರ.

ಎರಡನೆಯದು ದೀಪಾ ಧನರಾಜ್ ನಿರ್ದೇಶನದ 'ದಿ ಅಡ್ವೊಕೇಟ್'. ದೀಪಾ ಅವರು ಬೆಂಗಳೂರಿನಲ್ಲಿ 1980ರಲ್ಲಿ ರೂಪುಗೊಂಡ 'ಯುಗಾಂತರ್' ಚಿತ್ರಬಳಗದ ಸ್ಥಾಪಕರಲ್ಲೊಬ್ಬರು. ನಿಪ್ಪಾಣಿಯ ತಂಬಾಕು ಕಾರ್ಮಿಕ ಮಹಿಳೆಯರನ್ನು ಕುರಿತ ಸಾಕ್ಷ್ಯಚಿತ್ರವೂ ಆ ಬಳಗದ್ದೇ. 'ದಿ ಅಡ್ವೊಕೇಟ್' ಚಿತ್ರದ ವಸ್ತು ಹೈದರಾಬಾದಿನ ವಕೀಲ ಕೆ.ಜಿ. ಕಣ್ಣಬಿರಾನ್ (1929–2010) ಅವರ ಬದುಕು. ಆಂಧ್ರಪ್ರದೇಶ ನಾಗರಿಕ ಹಕ್ಕುಗಳ ಸಂಘಟನೆಯನ್ನೂ ಅನಂತರ ರಾಷ್ಟ್ರಮಟ್ಟದಲ್ಲಿ ಪಿ.ಯು.ಸಿ.ಎಲ್. ಸಂಸ್ಥೆಯನ್ನೂ ಮುನ್ನಡೆಸಿದ ಅವರು, ತುರ್ತುಪರಿಸ್ಥಿತಿಯ ಅವಧಿಯಲ್ಲಿ ಬಂಧಿತರ ಪರವಾಗಿ ವಾದಿಸಿದವರು. ಅವರ ಮಾರ್ಗ ವೆರ್ಜೆಸ್‌ನದಕ್ಕೆ ತದ್ವಿರುದ್ಧವಾದುದು. ನ್ಯಾಯಾಲಯವನ್ನು ನಿರಾಕರಿಸದೆ, ಸಂವಿಧಾನವು ಕೊಟ್ಟ ಮಾತನ್ನೇ ಪ್ರಭುತ್ವದ ಎದುರು ಹಿಡಿದು ಅದಕ್ಕೆ ಉತ್ತರ ಕೇಳುವುದು ಅವರ ಕ್ರಮವಾಗಿತ್ತು. ಸಂವಿಧಾನವನ್ನೇ ಒಪ್ಪದ ಕಕ್ಷಿದಾರನಿಗೂ ಸಂವಿಧಾನದ ರಕ್ಷಣೆ ಸಲ್ಲಬೇಕೆಂಬ ನಿಲುವು ಇದರ ಹಿಂದಿದೆ.

ಸಾಹಿತ್ಯದ ಅಧ್ಯಯನಕಾರರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕಣ್ಣಬಿರಾನ್ ವಾದಿಸಿದ ಸಿಕಂದರಾಬಾದ್ ಒಳಸಂಚು ಪ್ರಕರಣದಲ್ಲಿ ವರವರ ರಾವ್, ಚೆರಬಂಡ ರಾಜು ಮೊದಲಾದ ತೆಲುಗು ಕವಿಗಳು ಆರೋಪಿಗಳಾಗಿದ್ದರು. 1974ರಲ್ಲಿ ಹೂಡಲಾದ ಆ ಮೊಕದ್ದಮೆ ಆರೋಪಿಗಳ ಬಿಡುಗಡೆಯಲ್ಲಿ ಮುಗಿದದ್ದು 1989ರಲ್ಲಿ. ಕವಿಯ ಬರಹವೇ ಒಳಸಂಚಿನ ಪುರಾವೆಯೆನಿಸಿದಾಗ, ಕವಿತೆಯಲ್ಲಿ ಮಾತನಾಡುವ 'ನಾನು' ಯಾರು ಎಂಬ ಕಾವ್ಯಮೀಮಾಂಸೆಯ ಪ್ರಶ್ನೆ ಮನುಷ್ಯನೊಬ್ಬನ ಸ್ವಾತಂತ್ರ್ಯವನ್ನು ನಿರ್ಧರಿಸುವ ಪ್ರಶ್ನೆಯೂ ಆಗುತ್ತದೆ.

ಬಳ್ಳಾರಿಯ ವಕೀಲ-ನಟ ಪರಂಪರೆ

ಪ್ರತಿನಿಧಿಸುವುದಕ್ಕೂ ತಾನೇ ಅದಾಗುವುದಕ್ಕೂ ಇರುವ ಅಂತರವನ್ನು ಬಳ್ಳಾರಿಯಷ್ಟು ಸ್ಪಷ್ಟವಾಗಿ ಕಂಡ ಊರು ವಿರಳ. ಧರ್ಮವರಂ ರಾಮಕೃಷ್ಣಮಾಚಾರ್ಯ, ಕೋಲಾಚಲಂ ಶ್ರೀನಿವಾಸರಾವ್ ಇಬ್ಬರೂ ಇಲ್ಲಿ ವಕೀಲಿ ವೃತ್ತಿಯಲ್ಲಿದ್ದ ನಾಟಕಕಾರರು. ಸರಸವಿನೋದಿನಿ ಸಭೆ, ಸುಮನೋರಮಾ ಸಭೆಗಳು ಇವರ ನಾಟಕಗಳಿಗೆ ವೇದಿಕೆಯಾದವು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ಹಗಲು ಕ್ರಿಮಿನಲ್ ಮೊಕದ್ದಮೆಗಳ ಹೆಸರಾಂತ ವಕೀಲ, ರಾತ್ರಿ ತೆಲುಗು, ಕನ್ನಡ, ಇಂಗ್ಲಿಷ್ ರಂಗಭೂಮಿಯ ನಟ. ಹರಿಶ್ಚಂದ್ರನ ಪಾತ್ರವನ್ನು ನಿರ್ವಹಿಸಿದ ಅವರೇ, ವಿಜಯನಗರದ ಪತನವನ್ನು ಕುರಿತ ಕೋಲಾಚಲಂ ಅವರ ನಾಟಕದಲ್ಲಿ ಪಠಾಣ ರುಸ್ತುಮನಾಗಿಯೂ ಖ್ಯಾತರಾದರು. ರುಸ್ತುಮನ ಮಾತನ್ನು ಮನಮುಟ್ಟುವಂತೆ ಆಡಿದ ನಟನನ್ನು ಯಾವ ಪ್ರೇಕ್ಷಕನೂ ವಿಜಯನಗರದ ವೈರಿಯೆಂದು ಭಾವಿಸಲಿಲ್ಲ. ನಟನಿಗೆ ರಂಗದ ಮೇಲೆ ದೊರೆತ ಈ ವಿವೇಚನೆಯು ವಕೀಲನಿಗೆ ನ್ಯಾಯಾಲಯದ ಹೊರಗೆ ದೊರೆಯದಿರುವುದು ವಿಚಾರಾರ್ಹ.

ಈ ಪ್ರದೇಶಕ್ಕೆ ರಾಜಕೀಯ ವಿಭಜನೆಯ ಅನುಭವವೂ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಸಿರುಗುಪ್ಪ ಮೊದಲಾದವು ಮೈಸೂರಿಗೂ ಸೇರಿದವು. ಕುರುಗೋಡನ್ನು ಆಗ ಒಳಗೊಂಡಿದ್ದ ಬಳ್ಳಾರಿ ತಾಲ್ಲೂಕಿನ ವಿವಾದ ಮಾತ್ರ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ಬಳಿಕವೇ ಇತ್ಯರ್ಥವಾಯಿತು. ಎರಡೂ ಪಕ್ಷಗಳ ಅಹವಾಲನ್ನು ಕೇಳಿ ತೀರ್ಮಾನಿಸುವ ನ್ಯಾಯಕ್ರಮವು ಈ ಗಡಿಯ ಚರಿತ್ರೆಯಲ್ಲೇ ಅಡಕವಾಗಿದೆ.

ಬಳ್ಳಾರಿಗೆ ಸಂಬಂಧಿಸಿದ ಇನ್ನೊಂದು ನಿದರ್ಶನ ಎನ್. ಸಂತೋಷ್ ಹೆಗ್ಡೆ ಅವರದು. 1975ರಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದ ವಿರೋಧ ಪಕ್ಷಗಳ ನಾಯಕರ ಪರ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಕೆಲಸ ಮಾಡಿದ ವಕೀಲರಲ್ಲಿ ಅವರೂ ಒಬ್ಬರು. ಮುಂದೆ ಲೋಕಾಯುಕ್ತರಾಗಿ 2011ರ ಜುಲೈನಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವರದಿಯನ್ನು ಅವರು ಸಲ್ಲಿಸಿದರು. ಅದರ ಬೆನ್ನಿಗೆ ಅಡ್ವಾಣಿಯವರ ಪಕ್ಷದ ಮುಖ್ಯಮಂತ್ರಿಯೇ ರಾಜೀನಾಮೆ ನೀಡಬೇಕಾಯಿತು. ವಕಾಲತ್ತು ಋಣವೂ ಅಲ್ಲ, ನಿಷ್ಠೆಯೂ ಅಲ್ಲ ಎಂಬುದನ್ನು ಇದು ತೋರಿಸುತ್ತದೆ.

ನಿರಾಕರಣೆಯ ಠರಾವುಗಳು

ಸಂವಿಧಾನದ 22(1)ನೇ ಅನುಚ್ಛೇದವು ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ನೆರವು ಪಡೆಯುವ ಹಕ್ಕನ್ನು ನೀಡಿದೆ. ಆದರೂ ಕೆಲವು ಆರೋಪಿಗಳ ಪರ ಯಾರೂ ಹಾಜರಾಗಬಾರದೆಂದು ವಕೀಲರ ಸಂಘಗಳೇ ಠರಾವು ಮಾಡಿದ ಪ್ರಸಂಗಗಳಿವೆ. ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ (2010) ಸರ್ವೋಚ್ಚ ನ್ಯಾಯಾಲಯವು ಇಂಥ ಠರಾವುಗಳು ಅಸಿಂಧುವೆಂದು ಸಾರಿತು. ಹೀಗಿದ್ದೂ 2020ರಲ್ಲಿ ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದೇ ಠರಾವು ಬಂದಿತು. ಬೇರೆ ವಕೀಲರು ಉಚ್ಚ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಜಾಮೀನು ಅರ್ಜಿ ಸಲ್ಲಿಸಲು ಬರುವ ವಕೀಲರಿಗೆ ಪೊಲೀಸ್ ರಕ್ಷಣೆ ಒದಗಿಸಬೇಕಾಯಿತು. ಆರೋಪವೇ ಅಪರಾಧವೆನಿಸಿದಲ್ಲಿ ವಕೀಲನೂ ಸಹ-ಅಪರಾಧಿಯಾಗಿ ಕಾಣುತ್ತಾನೆ. ಆಡುಮಾತಿನ 'ವಕಾಲತ್ತು' ಕಾನೂನಿನ ವಕಾಲತ್ತನ್ನು ನುಂಗಿಹಾಕುವುದು ಇಲ್ಲಿಯೇ.

ದಾಖಲೆಯ ಭಾಷೆ ಮತ್ತು ಚಿತ್ರದ ದನಿ

ದಂಡಪ್ರಕ್ರಿಯಾ ಸಂಹಿತೆಯ (1973) 276ನೇ ಪ್ರಕರಣದಂತೆ ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನರೂಪದಲ್ಲಿ ಬರೆದುಕೊಳ್ಳಲಾಗುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಕ್ರಮವನ್ನೇ ಮುಂದುವರಿಸಿದೆ. ಅಂದರೆ ವಕೀಲನ ಪ್ರಶ್ನೆ ಕಡತದಲ್ಲಿ ಬಹುಮಟ್ಟಿಗೆ ಮರೆಯಾಗಿ, ಉತ್ತರವೊಂದೇ ಹೇಳಿಕೆಯಾಗಿ ಉಳಿಯುತ್ತದೆ. ತೆಲುಗು ಬೆರೆತ ಕನ್ನಡವನ್ನಾಡುವ ಸಿರುಗುಪ್ಪ ಭಾಗದ ರೈತನೊಬ್ಬ ಸಾಕ್ಷಿ ನುಡಿದರೆ, ಅವನ ಮಾತು ಶಿಷ್ಟ ಕನ್ನಡದ ಹೇಳಿಕೆಯಾಗಿ, ಮೇಲ್ಮನವಿಯಲ್ಲಿ ಇಂಗ್ಲಿಷ್ ಅನುವಾದವಾಗಿ ಸಾಗುತ್ತದೆ. ಪ್ರತಿ ಹಂತದಲ್ಲೂ ತಡವರಿಕೆ, ಮೌನ, ವ್ಯಂಗ್ಯಗಳು ಕಳಚಿಕೊಳ್ಳುತ್ತವೆ. ಆರೋಪಿ ಪರ ವಕೀಲನಿಗೆ ಮುಖ್ಯವಾದ ಸಂದೇಹದ ಎಳೆ ಇರುವುದು ಹಲವೊಮ್ಮೆ ಇವುಗಳಲ್ಲಿಯೇ. ಕಡತವು ಬಿಟ್ಟುಬಿಡುವ ಈ ದನಿಯನ್ನು ಹಿಡಿದಿಡಬಲ್ಲದು ಎಂಬುದೇ ಸಾಕ್ಷ್ಯಚಿತ್ರ ಮಾಧ್ಯಮದ ಮಹತ್ತ್ವ.

ಈ ಭಾಗದ ನ್ಯಾಯಾಲಯಗಳ ಹೇಳಿಕೆಗಳ ಕನ್ನಡ, ವಕೀಲ-ನಾಟಕಕಾರರ ಸಂವಾದಶೈಲಿ ಹಾಗೂ ಹಿರಿಯ ವಕೀಲರ ಮೌಖಿಕ ಚರಿತ್ರೆ ಕನ್ನಡ ವಿಭಾಗಗಳ ಕ್ಷೇತ್ರಕಾರ್ಯಕ್ಕೆ ತಕ್ಕ ವಿಷಯಗಳಾಗಿವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಂಥ ದ್ವಿಭಾಷಿಕ ನೆಲೆಯಲ್ಲಿ ಅಂಥ ಧ್ವನಿಮುದ್ರಣ ನಡೆದರೆ, ಅದು ಭಾಷಾಶಾಸ್ತ್ರಕ್ಕೆ ಸಾಮಗ್ರಿಯಾಗುವುದರೊಂದಿಗೆ, ತನ್ನವನಲ್ಲದವನ ಮಾತನ್ನು ಸಭೆಯ ಮುಂದಿಡುವ ಒಂದು ವೃತ್ತಿಯ ಧರ್ಮವನ್ನೂ ದಾಖಲಿಸಿದಂತಾಗುತ್ತದೆ.