ನೆಂಟರ ಊರು ಸುತ್ತಿದ ಇಮಾಮ್

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದಲ್ಲಿ ಮಾಲಿಕೂಂಡ ಬಂಬಾರ ಎಂಬ ಹಳ್ಳಿಯಿದೆ. 1997ರ ಜುಲೈ 31ರಂದು ಅಲ್ಲಿನ ಹೆಂಗಸರು ಪತ್ರಕರ್ತರನ್ನು ಊರಿಗೆ ಕರೆಸಿ, ಇನ್ನು ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಜನನಾಂಗ ಛೇದನ ಮಾಡಿಸುವುದಿಲ್ಲ ಎಂದು ಎಲ್ಲರೆದುರು ಸಾರಿದರು. ರಕ್ತಸ್ರಾವ, ಸೋಂಕು, ಮುಂದೆ ಹೆರಿಗೆಯಲ್ಲಿ ತೊಡಕು, ಎಷ್ಟೋ ಸಲ ಸಾವು: ಈ ಪದ್ಧತಿ ತರುವ ಸಂಕಟ ಅವರಿಗೆ ಮೈಯಾರೆ ಗೊತ್ತಿತ್ತು. ಆದರೂ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಹೇಳುವ ಧೈರ್ಯ ಬಂದದ್ದು ತೋಸ್ತಾನ್ ಎಂಬ ಸೇವಾಸಂಸ್ಥೆಯ ತರಗತಿಗಳಿಂದ. ಅಮೆರಿಕದ ಇಲಿನಾಯ್‌ನಿಂದ 1974ರಲ್ಲಿ ಓದಲೆಂದು ಸೆನೆಗಲ್‌ಗೆ ಬಂದ ಮೋಲಿ ಮೆಲ್ಚಿಂಗ್ ಅಲ್ಲೇ ಉಳಿದು, ವೊಲೋಫ್ ಭಾಷೆ ಕಲಿತು, 1991ರಲ್ಲಿ ಇದನ್ನು ಕಟ್ಟಿದರು. ಯುನಿಸೆಫ್ ಬೆಂಬಲವಾಗಿ ನಿಂತಿತು. ತರಗತಿ ನಡೆಸುವವರು ಹಳ್ಳಿಯಲ್ಲೇ ವಾಸ ಮಾಡುತ್ತಾರೆ, ಊರವರ ಭಾಷೆಯಲ್ಲೇ ಪಾಠ. ಆರೋಗ್ಯ, ಹಕ್ಕುಗಳು, ನಾಟಕ, ಹಾಡು ಮೊದಲು; ಅಕ್ಷರ, ಲೆಕ್ಕ ಆಮೇಲೆ. ಮುಗಿಯಲು ಸುಮಾರು ಮೂರು ವರ್ಷ ಹಿಡಿಯುತ್ತದೆ.

ಘೋಷಣೆಯೇನೋ ಆಯಿತು. ಸುತ್ತಲ ಹಳ್ಳಿಗಳವರು ಸಿಟ್ಟಾದರು. ಮನೆಯೊಳಗಿನ ಮಾತನ್ನು ಬೀದಿಗೆ ತಂದಿರಿ ಎಂದು ಆ ಹೆಂಗಸರನ್ನು ಬೈದರು. ಇಲ್ಲಿಂದ ಮುಂದಿನ ಕಥೆ ದೆಂಬಾ ಜವಾರ ಅವರದು. ನಾನು ಈ ಲೇಖನಕ್ಕೆ ಕೈ ಹಾಕಿದ್ದೇ ಅವರಿಗಾಗಿ.

ದೆಂಬಾ ಅವರು ಕೇರ್ ಸಿಂಬಾರ ಎಂಬ ಹಳ್ಳಿಯ ಯಜಮಾನರು, ಇಮಾಮರು, ವಯಸ್ಸಾದವರು. ಮೊದಮೊದಲು ಅವರಿಗೂ ಈ ಮಾತು ಹಿಡಿಸಲಿಲ್ಲ. ನಿಮ್ಮ ಮನೆಯ ಹೆಂಗಸರನ್ನೇ ಕೇಳಿ ನೋಡಿ ಎಂದರು ಮೆಲ್ಚಿಂಗ್. ಅವರು ಕೇಳಿದರು. ವೈದ್ಯರನ್ನು ಕೇಳಿದರು, ಧರ್ಮ ಬಲ್ಲವರನ್ನು ಕೇಳಿದರು. ಇದು ಇಸ್ಲಾಂ ವಿಧಿಸಿದ ಕಡ್ಡಾಯವಲ್ಲ ಎಂಬುದು ಖಚಿತವಾಯಿತು. ಇಷ್ಟು ಕಾಲ ಹೆಂಗಸರು ನುಂಗಿಕೊಂಡಿದ್ದ ನೋವೂ ಕಿವಿಗೆ ಬಿತ್ತು.

ಮನಸ್ಸು ಬದಲಾದ ಮೇಲೆ ಅವರು ಮೆಲ್ಚಿಂಗ್ ಬಳಿ ಬಂದು ಹೇಳಿದ್ದು, ಒಂದೇ ಊರು ಇದನ್ನು ಬಿಡಲಾಗದು ಎಂದು. ನಮ್ಮ ನೆಂಟಸ್ತನ ಹತ್ತಾರು ಹಳ್ಳಿಗಳಲ್ಲಿ ಹರಡಿದೆ, ಹೆಣ್ಣು ಕೊಟ್ಟು ತರುವುದು ಅವರೊಡನೆಯೇ. ಛೇದನವಾಗದ ಹುಡುಗಿಯನ್ನು ಅವರು ಸೊಸೆಯಾಗಿ ತಂದುಕೊಳ್ಳದಿದ್ದರೆ ಅವಳ ಗತಿಯೇನು? ಮಗಳ ಮೇಲಿನ ಪ್ರೀತಿಯಿಂದಲೇ ತಾಯಂದಿರು ಈ ಕ್ರೌರ್ಯಕ್ಕೆ ಅವಳನ್ನು ಒಡ್ಡುತ್ತಿದ್ದಾರೆ. ಬಿಡುವುದಾದರೆ ಬೀಗರೆಲ್ಲ ಒಟ್ಟಿಗೆ ಬಿಡಬೇಕು. ಮದುವೆ ಮಾತುಕತೆಯಲ್ಲಿ ಒಮ್ಮೆಯಾದರೂ ಕೂತ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಹೊರಟೇಬಿಟ್ಟರು, ಕಾಲ್ನಡಿಗೆಯಲ್ಲಿ, ಹತ್ತು ಹಳ್ಳಿಗಳಿಗೆ. ಹೋದವರು ಭಾಷಣ ಮಾಡಲಿಲ್ಲ. ಮೊದಲು ಕುಶಲ ವಿಚಾರಿಸಬೇಕು, ಹಿರಿಯರನ್ನು ಕಾಣಬೇಕು, ಮರ್ಯಾದೆಯ ಕ್ರಮ ತಪ್ಪಬಾರದು. ಯಾರನ್ನೂ ಜರೆಯಬಾರದು, ಎದೆ ನಡುಗಿಸುವ ಚಿತ್ರ ತೋರಿಸಬಾರದು. ತಮ್ಮ ನೆಂಟರು ಕೆಟ್ಟವರಲ್ಲ ಎಂಬ ನಂಬಿಕೆಯಿಂದ ಅವರು ಮಾತು ತೆಗೆಯುತ್ತಿದ್ದರು. ದೊಡ್ಡ ದೊಡ್ಡ ಸಂಸ್ಥೆಗಳು ಪೋಸ್ಟರು, ಅಂಕಿಅಂಶಗಳಿಂದ ಮಾಡಲಾಗದ್ದು ಈ ಸೌಜನ್ಯದಿಂದ ಆಯಿತು ಎಂದೇ ನನಗನ್ನಿಸುತ್ತದೆ. 1998ರ ಫೆಬ್ರವರಿಯಲ್ಲಿ ಜಾಬುಗು ಎಂಬಲ್ಲಿ 13 ಹಳ್ಳಿಗಳವರು ಸೇರಿ ಒಕ್ಕೊರಲಿನಿಂದ ಪದ್ಧತಿಯನ್ನು ಬಿಟ್ಟರು.

ಚೀನಾದಲ್ಲಿ ಹುಡುಗಿಯರ ಪಾದ ಕಟ್ಟುವ ಪದ್ಧತಿ ಅಳಿದ ಬಗೆಯನ್ನು ಅಭ್ಯಾಸ ಮಾಡಿದ್ದ ವಿದ್ವಾಂಸ ಗೆರ್ರಿ ಮ್ಯಾಕಿ 1996ರಲ್ಲೇ ಪ್ರಬಂಧವೊಂದರಲ್ಲಿ ಇಂಥದ್ದೇ ವಾದ ಮಂಡಿಸಿದ್ದರು. ಅಲ್ಲಿಯೂ ಮನೆತನಗಳು ಒಟ್ಟಾಗಿ, ಮಗಳ ಪಾದ ಕಟ್ಟುವುದಿಲ್ಲ, ಕಟ್ಟಿಸಿಕೊಂಡವಳನ್ನು ಸೊಸೆಯಾಗಿ ತರುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದವು. ಆ ಪ್ರಬಂಧದ ಸುಳಿವೂ ಇಲ್ಲದೆ ದೆಂಬಾ ಅದೇ ತೀರ್ಮಾನಕ್ಕೆ ಬಂದಿದ್ದರು.

1999ರ ಜನವರಿಯಲ್ಲಿ ಸೆನೆಗಲ್ ಛೇದನವನ್ನು ನಿಷೇಧಿಸಿ ಕಾನೂನು ಮಾಡಿತು. 2007ರಲ್ಲಿ ತೋಸ್ತಾನ್‌ಗೆ ಹಿಲ್ಟನ್ ಮಾನವೀಯ ಪ್ರಶಸ್ತಿ ಬಂತು. ಅದರ ಕೆಲಸ ನೆರೆಯ ದೇಶಗಳಿಗೂ ಹಬ್ಬಿ, ಸಾವಿರಾರು ಹಳ್ಳಿಗಳು ಹೀಗೆ ಸಾರಿ ಹೇಳಿವೆ. ತೋಸ್ತಾನ್ ಹಳ್ಳಿಗಳ ಕೆಲವು ಹೆಂಗಸರು ರಾಜಸ್ಥಾನದ ತಿಲೋನಿಯಾಕ್ಕೂ ಬಂದು, ಬೇರ್‌ಫುಟ್ ಕಾಲೇಜಿನಲ್ಲಿ ಸೌರದೀಪದ ಕೆಲಸ ಕಲಿತು ಹೋದರು.

ಸಾರಿದ ಮಾತ್ರಕ್ಕೆ ಎಲ್ಲ ಮನೆಗಳಲ್ಲೂ ನಿಂತಿತೆಂದಲ್ಲ. ಛೇದನಕ್ಕೊಳಗಾದ 23 ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ಇಂದು ಜಗತ್ತಿನಲ್ಲಿದ್ದಾರೆ ಎನ್ನುತ್ತದೆ ಯುನಿಸೆಫ್‌ನ 2024ರ ವರದಿ. ಮೂರು ದಿಕ್ಕಿಗೂ ಸೆನೆಗಲ್ಲೇ ಇರುವ ಪುಟ್ಟ ದೇಶ ಗ್ಯಾಂಬಿಯಾ 2015ರಲ್ಲಿ ತಂದ ನಿಷೇಧವನ್ನು ರದ್ದುಮಾಡುವ ಮಸೂದೆ ಸಂಸತ್ತಿಗೇ ಬಂದಿತ್ತು. 2024ರ ಜುಲೈನಲ್ಲಿ ಅದು ಬಿದ್ದುಹೋದದ್ದು ಸಮಾಧಾನ. ಆದರೆ ಆ ಗಡಿಯ ಎರಡೂ ಕಡೆ ಇರುವವರು ಒಂದೇ ಭಾಷೆಯವರು, ಒಬ್ಬರಿಗೊಬ್ಬರು ನೆಂಟರು. ಆ ಊರುಗಳಿಗೆ ನಡೆದುಹೋಗಿ, ಜಗಲಿಯಲ್ಲಿ ಕೂತು, ಕುಶಲ ವಿಚಾರಿಸಿ ಮಾತು ತೆಗೆಯಬಲ್ಲ ಹಿರಿಯರು ಇನ್ನೆಷ್ಟು ಮಂದಿ ಬೇಕೋ!