ವೈರಿಯ ಕಣ್ಣೀರು

ವಾರ್ಷಿಕ ಪರೀಕ್ಷೆ ಸಮೀಪಿಸಿದಾಗ ವಿದ್ಯಾರ್ಥಿಗಳು ತಾವು ಓದಿದ ಕೃತಿಗಳನ್ನು ಮತ್ತೊಮ್ಮೆ ನೆನೆದು, ಒಂದೊಂದರ ಮುಂದೆಯೂ ‘ಯುದ್ಧ’, ‘ಪ್ರೇಮ’, ‘ಅಹಂಕಾರ’ ಎಂದು ಬರೆದಿಟ್ಟುಕೊಳ್ಳುವುದುಂಟು. ಅದು ವಸ್ತುವಿನ ಹೆಸರಾಯಿತೇ ಹೊರತು ಅದರ ಅರಿವಾಗಲಿಲ್ಲ. ಯುದ್ಧವನ್ನು ಕುರಿತು ಕವಿ ಹೇಳುವುದೇನು? ಅದನ್ನು ಒಂದು ಪೂರ್ಣ ವಾಕ್ಯದಲ್ಲಿ ಹೇಳಬಲ್ಲವರಿಗೆ ಮಾತ್ರ ಕೃತಿಯ ವಸ್ತು ದಕ್ಕಿತೆನ್ನಬೇಕು.

ಬೆಂಗಳೂರಿನ ದಂಡು ಪ್ರದೇಶದ ಮಕ್ಕಳಿಗೆ ಯುದ್ಧವೆಂಬುದು ಬರಿಯ ಪುಸ್ತಕದ ಮಾತಲ್ಲ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ನೆಲೆಗೊಳಿಸಿದ ಊರು ಅದು. ಹಲಸೂರು ಕೆರೆಯ ಬಳಿ ಇಂದಿಗೂ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಸೇನಾಪಡೆಯ ಕೇಂದ್ರವಿದೆ. ಯುದ್ಧಸ್ಮಾರಕಗಳಲ್ಲಿ ಮಡಿದ ನಮ್ಮವರನ್ನು ನೆನೆಯುತ್ತೇವೆ. ವೈರಿಯ ದುಃಖಕ್ಕೆ ಅಲ್ಲಿ ಎಡೆಯಿರುವುದಿಲ್ಲ. ಮಹಾಕವಿಗಳು ಅದಕ್ಕೂ ಎಡೆಮಾಡಿಕೊಟ್ಟರು.

ಗ್ರೀಸಿನ ನಾಟಕಕಾರ ಈಸ್ಕಿಲಸ್ ಪಾರಸಿಕರ ವಿರುದ್ಧ ಮ್ಯಾರಥಾನಿನಲ್ಲಿ ಸ್ವತಃ ಕಾದಿದವನು. ಕ್ರಿ.ಪೂ. 480ರಲ್ಲಿ ಸಲಾಮಿಸಿನ ಸಮುದ್ರಯುದ್ಧದಲ್ಲಿ ಗ್ರೀಕರು ಪಾರಸಿಕರನ್ನು ಮತ್ತೆ ಸೋಲಿಸಿದರು. ಎಂಟು ವರ್ಷಗಳ ತರುವಾಯ ಅವನು ಆ ಗೆಲುವನ್ನು ಕುರಿತು ನಾಟಕ ಬರೆದನು. ಆದರೆ ರಂಗದ ಮೇಲೆ ಬಂದುದು ಗೆದ್ದವರ ಮೆರವಣಿಗೆಯಲ್ಲ. ಸೂಸಾ ನಗರದಲ್ಲಿ ಮಗನ ಸುದ್ದಿಗಾಗಿ ಕಾತರಿಸುತ್ತಿರುವ ಪಾರಸಿಕರ ರಾಜಮಾತೆ! ನೋಡುತ್ತ ಕುಳಿತವರಾದರೋ ಗೆದ್ದ ಅಥೆನ್ಸಿನವರು. ಬಿ.ಎಂ.ಶ್ರೀ.ಯವರು 1935ರಲ್ಲಿ ಇದನ್ನು ‘ಪಾರಸಿಕರು’ ಎಂದು ಕನ್ನಡಿಸಿದರು.

ರನ್ನನ ಕಾವ್ಯವನ್ನು ಆಧರಿಸಿ ‘ಗದಾಯುದ್ಧ ನಾಟಕಂ’ ರಚಿಸಿದವರೂ ಅವರೇ. ಹತ್ತನೆಯ ಶತಮಾನದ ಆ ಕವಿಯ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಶವದ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗನೆಂದು ಮುಖ ತಿರುಗಿಸುವುದಿಲ್ಲ. ಆ ಬಾಲವೀರನ ಸಾಹಸವನ್ನು ಕೊಂಡಾಡಿ ಕೈಮುಗಿಯುತ್ತಾನೆ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಮುದಿ ಅರಸ ಪ್ರಿಯಾಮನು, ಮಗ ಹೆಕ್ಟರನನ್ನು ಕೊಂದ ಅಕಿಲೀಸನ ಕೈಗಳಿಗೆ ಮುತ್ತಿಟ್ಟು ಮಗನ ಶವವನ್ನು ಬೇಡುತ್ತಾನೆ. ಅಕಿಲೀಸನಿಗೆ ತನ್ನ ತಂದೆಯ ನೆನಪಾಗುತ್ತದೆ. ಇಬ್ಬರೂ ಅಳುತ್ತಾರೆ.

ಹಾಗಾದರೆ ‘ವೈರಿಯ ದುಃಖವನ್ನು ಕಂಡವನು ಯುದ್ಧವನ್ನು ಬಿಡುತ್ತಾನೆ’ ಎಂದು ಬರೆಯಬಹುದೇ? ಅವಸರ ಬೇಡ. ಈಸ್ಕಿಲಸನ ನಾಟಕದಲ್ಲಿ ಕದನ ಮೊದಲೇ ಮುಗಿದಿದೆ. ಅಕಿಲೀಸನು ಹೆಕ್ಟರನ ಅಂತ್ಯಕ್ರಿಯೆಗೆಂದು ಕೊಟ್ಟ ಬಿಡುವು ಹನ್ನೊಂದು ದಿನಗಳದು. ಹನ್ನೆರಡನೆಯ ದಿನ ಮತ್ತೆ ಕಾದಾಟ. ದುರ್ಯೋಧನನೋ, ಸಂಧಿ ಮಾಡಿಕೊಳ್ಳೆಂದು ಶರಶಯ್ಯೆಯಲ್ಲಿದ್ದ ಭೀಷ್ಮನು ಹೇಳಿದರೂ ಒಪ್ಪಲಿಲ್ಲ.